ಹನ್ನೆರಡನೇ ನಂಬರಿನ ಜೆರ್ಸಿ

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ಇನ್ನು ಎಂಟು ದಿನವಿತ್ತು. ಹತ್ತನೆಯ ತರಗತಿಯ ಮಗ ಜಗಲಿಯ ಮೂಲೆಯಲ್ಲಿ ಗಣಿತದ ಪುಸ್ತಕ ತೆರೆದುಕೊಂಡು ಕೂತಿದ್ದ. ಓದುವ ಮಕ್ಕಳ ಬೆನ್ನ ಹಿಂದೆ ಸದ್ದಿಲ್ಲದೆ ಹೋಗಿ ನಿಲ್ಲುವುದು ಅಪ್ಪಂದಿರಿಗೆ ತಲೆತಲಾಂತರದಿಂದ ಬಂದ ವಿದ್ಯೆ. ನಾನೂ ಹೋಗಿ ನಿಂತೆ. ನೋಡಿದರೆ ಗಣಿತದ ಹೊಟ್ಟೆಯೊಳಗೆ ಇನ್ನೊಂದು ಪುಸ್ತಕ! ಅದನ್ನಾದರೂ ನೆಟ್ಟಗೆ ಓದುತ್ತಿದ್ದಾನೆಯೇ ಎಂದರೆ ಅದೂ ಇಲ್ಲ. ಕೊನೆಯ ಪುಟದಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದಾನೆ.

"ಏನೋ ಇದು? ಕಥೆಯ ಕೊನೆ ಮೊದಲೇ ಗೊತ್ತಾಗಬೇಕಾ ನಿನಗೆ?" ಎಂದೆ.

"ಇಲ್ಲಪ್ಪಾ, ಇದು ಶುರುವಾಗೋದೇ ಇಲ್ಲಿಂದ" ಎಂದ, ಸಿಕ್ಕಿಬಿದ್ದ ಗಾಬರಿಯಲ್ಲೂ ನನ್ನನ್ನು ತಿದ್ದುವುದನ್ನು ಬಿಡದೆ.

ಹುಡುಕಿದಾಗ ಹಾಸಿಗೆಯ ಅಡಿಯಲ್ಲಿ ಇನ್ನೂ ನಾಲ್ಕು ಸಿಕ್ಕವು. ಬೆಂಗಳೂರಿನಲ್ಲಿರುವ ನಮ್ಮಕ್ಕನ ಮಗಳು ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವವರ ಕೈಯಲ್ಲಿ ಐದೈದರ ಕಟ್ಟು ಮಾಡಿ ಕಳಿಸುತ್ತಿದ್ದಳಂತೆ. ಜಪಾನಿನ ಚಿತ್ರಕಥೆಗಳು. 'ಮಾಂಗಾ' ಎನ್ನುತ್ತಾರಂತೆ. ಒಳಗೆಲ್ಲ ಕಪ್ಪು ಬಿಳುಪು ಚಿತ್ರ, ಇಂಗ್ಲಿಷ್ ಮಾತು, ಮುಳ್ಳುಹಂದಿಯಂತೆ ಕೂದಲು ಎದ್ದ ಹುಡುಗರು. ಐದನ್ನೂ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಪರೀಕ್ಷೆ ಮುಗಿಯುವ ತನಕ ಆ ಮಾತೇ ಇಲ್ಲ ಎಂದೆ. ಅಡಿಗೆಮನೆಯಿಂದ ನನ್ನ ಹೆಂಡತಿ, "ನೀವು ಅಮರಚಿತ್ರಕಥೆಯನ್ನು ಚಡ್ಡಿಯೊಳಗೆ ಬಚ್ಚಿಟ್ಟುಕೊಂಡು ಓದಿದ್ದನ್ನು ಅತ್ತೆ ಹೇಳಿದ್ದು ನೆನಪಿದೆ" ಎಂದಳು. ಕೇಳಿಸಲಿಲ್ಲ ಎಂಬಂತೆ ಹೊರಗೆ ಹೋದೆ.

ಎರಡು ದಿನ ಕಳೆದ ಮೇಲೆ ರಾತ್ರಿ ಏನನ್ನೋ ಹುಡುಕಲು ಬೀರುವಿನ ಮೇಲೆ ಕೈಯಾಡಿಸಿದಾಗ ಆ ಪುಸ್ತಕ ಕೈಗೆ ಬಂತು. ಮುಖಪುಟದ ಹುಡುಗ ನಿಂತಿದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಕೋರ್ಟಿನಲ್ಲಿ. ವಾಲಿಬಾಲ್!

ಸಾಗರದ ಸುತ್ತಿನ ನಮ್ಮ ಊರುಗಳಲ್ಲಿ ಬೆಳೆದವರಿಗೆ ವಾಲಿಬಾಲ್ ಬಗ್ಗೆ ಹೇಳಬೇಕಿಲ್ಲ. ಗದ್ದೆಯ ಕೊಯಿಲು ಮುಗಿದ ಜಾಗದಲ್ಲಿ ಎರಡು ಕಂಬ ನೆಟ್ಟು, ನೆಟ್ಟು ಬಿಗಿದು, ಸುಣ್ಣದ ಗೆರೆ ಎಳೆದರೆ ಆಯಿತು. 'ಹೊನಲು ಬೆಳಕಿನ ಪಂದ್ಯಾವಳಿ' ಎಂಬ ಭಿತ್ತಿಪತ್ರ ಬಸ್ ಸ್ಟ್ಯಾಂಡಿನಲ್ಲಿ ಅಂಟಿದರೆ ಅಂದು ರಾತ್ರಿ ಊರೇ ಅಲ್ಲಿ. ನಾನೂ ಅಲ್ಲೇ ಬೆಳೆದವನು. ಆ ಆಟದ ಮೇಲೆ ಜಪಾನಿನವರು ಪುಸ್ತಕ ಬರೆದಿದ್ದಾರೆಯೇ? ನೋಡೋಣ ಎಂದು ಹಾಸಿಗೆಯಲ್ಲಿ ಕೂತು ಬಿಡಿಸಿದೆ.

ಮೊದಲ ಅರ್ಧ ಗಂಟೆ ಏನೇನೂ ಅರ್ಥವಾಗಲಿಲ್ಲ. ಯಾರೋ ಉತ್ತರ ಕೊಡುತ್ತಾನೆ, ಆಮೇಲೆ ಇನ್ನೊಬ್ಬ ಪ್ರಶ್ನೆ ಕೇಳುತ್ತಾನೆ! ಚೆಂಡು ಮೊದಲು ನೆಲಕ್ಕೆ ಬೀಳುತ್ತದೆ, ಆಮೇಲೆ ಅದನ್ನು ಹೊಡೆಯುತ್ತಾರೆ! ಪುಟ ತಿರುವುವುದು ಮಾತ್ರವಲ್ಲ, ಒಂದೊಂದು ಪುಟದೊಳಗಿನ ಚೌಕಗಳನ್ನೂ ಬಲದಿಂದ ಎಡಕ್ಕೆ ಓದಬೇಕೆಂದು ತಿಳಿದದ್ದು ಮರುದಿನ. ಹೇಳಿಕೊಟ್ಟವನು ಮಗನೇ. ಪರೀಕ್ಷೆ ಮುಗಿಯುವ ತನಕ ಆ ಮಾತೇ ಇಲ್ಲ ಎಂದವನು ನಾನು. ನೀವು ನಗಬಹುದು.

ಆ ಸರಣಿಯ ಹೆಸರು 'ಹೈಕ್ಯೂ'. ಚೀನೀ ಲಿಪಿಯಲ್ಲಿ ಬರೆದ ವಾಲಿಬಾಲ್ ಎಂಬ ಪದಕ್ಕೆ ಜಪಾನೀ ಉಚ್ಚಾರ ಅದು. ಬರೆದವರು ಹರುಯಿಚಿ ಫುರುದತೆ. ಇವಾತೆ ಪ್ರಾಂತದವರು, ಶಾಲಾದಿನಗಳಲ್ಲಿ ಸ್ವತಃ ವಾಲಿಬಾಲ್ ಆಡಿದವರು. 2012ರ ಫೆಬ್ರವರಿಯಿಂದ 2020ರ ಜುಲೈವರೆಗೆ ಜಪಾನಿನ 'ಷೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದು, 402 ಅಧ್ಯಾಯಗಳಲ್ಲಿ ಮುಗಿದು, 45 ಪುಸ್ತಕಗಳಾಯಿತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಾಗಿ ಗುರುವಾರ ಶುಕ್ರವಾರ ಎಂದು ಕಾದು ಕೂತವರಿಗೆ ಇದು ಹೊಸದೇನಲ್ಲ. ಆದರೆ ಪ್ರಮಾಣ ನೋಡಿ. 1995ರ ಆರಂಭದಲ್ಲಿ ಇದೇ ಪತ್ರಿಕೆಯ ಒಂದು ಸಂಚಿಕೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿತ್ತು!

'ಮಾಂಗಾ' ಎಂಬ ಪದವೇನೂ ಹೊಸದಲ್ಲ. ಹೊಕುಸಾಯ್ ಎಂಬ ದೊಡ್ಡ ಚಿತ್ರಕಾರ ತನ್ನ ರೇಖಾಚಿತ್ರಗಳ ಮೊದಲ ಸಂಪುಟವನ್ನು ಆ ಹೆಸರಿನಲ್ಲಿ ಹೊರತಂದದ್ದು 1814ರಲ್ಲಿ. ಈಗ ಅಲ್ಲಿ ಚಿಕ್ಕ ಹುಡುಗರಿಗೆ, ಹುಡುಗಿಯರಿಗೆ, ತರುಣರಿಗೆ, ಹೆಂಗಸರಿಗೆ ಎಂದು ಬೇರೆ ಬೇರೆ ಮಾಂಗಾ ಪತ್ರಿಕೆಗಳಿವೆ. ಹಾಗಾಗಿ ಮಾಂಗಾ ಎಂದೊಡನೆ ಎಲ್ಲವೂ ಮಕ್ಕಳದ್ದೇ ಎಂದು ತಿಳಿಯಬಾರದು. ದೊಡ್ಡವರಿಗೆಂದೇ ಬರೆದವೂ ಇವೆ. ಪಾಲಕರು ಪುಸ್ತಕವನ್ನು ಕಿತ್ತುಕೊಳ್ಳುವ ಮೊದಲು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಮಕ್ಕಳ ಪತ್ರಿಕೆಗಳಲ್ಲಿ ಕಷ್ಟದ ಲಿಪಿಯ ಪಕ್ಕದಲ್ಲೇ ಅದರ ಉಚ್ಚಾರವನ್ನು ಚಿಕ್ಕ ಅಕ್ಷರಗಳಲ್ಲಿ ಅಚ್ಚು ಮಾಡುತ್ತಾರೆ. ಚಿತ್ರಕಥೆ ಓದುತ್ತಲೇ ಅಲ್ಲಿನ ಮಗು ಅಕ್ಷರವನ್ನೂ ಕಲಿಯುತ್ತದೆ.

ವಾಲಿಬಾಲಿಗೂ ಜಪಾನಿಗೂ ಹಳೆಯ ನಂಟು. ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲು ಸೇರಿದ್ದೇ 1964ರ ಟೋಕಿಯೊ ಕೂಟದಲ್ಲಿ. ಅಲ್ಲಿ ಜಪಾನಿನ ಹೆಣ್ಣುಮಕ್ಕಳು ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದರು. 1972ರಲ್ಲಿ ಮ್ಯೂನಿಕ್‌ನಲ್ಲಿ ಗಂಡಸರೂ ಗೆದ್ದರು. ಈ ನಡುವೆ, 1968ರಲ್ಲಿ, ಚಿಕಾಕೋ ಉರಾನೊ ಎಂಬ ಲೇಖಕಿ ವಾಲಿಬಾಲ್ ಆಡುವ ಹುಡುಗಿಯರ ಮೇಲೆ 'ಅಟ್ಯಾಕ್ ನಂಬರ್ ಒನ್' ಎಂಬ ಮಾಂಗಾ ಶುರು ಮಾಡಿದ್ದರು. 'ಹೈಕ್ಯೂ' ಹುಟ್ಟಿದ್ದು ಆ ವಂಶದಲ್ಲಿ.

ಕಥೆ ಸರಳ. ಮಿಯಾಗಿ ಪ್ರಾಂತದ ಹಿನಾತಾ ಎಂಬ ಹುಡುಗ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಂಗಡಿಯೊಂದರ ಟಿವಿಯಲ್ಲಿ ಕರಸುನೊ ಎಂಬ ಹೈಸ್ಕೂಲಿನ ಆಟ ನೋಡುತ್ತಾನೆ. ಅದರಲ್ಲಿ ಒಬ್ಬ ಕುಳ್ಳ ಹುಡುಗ ಎತ್ತರದ ಆಟಗಾರರ ತಲೆಯ ಮೇಲಿಂದ ಸ್ಮ್ಯಾಶ್ ಹೊಡೆಯುತ್ತಿರುತ್ತಾನೆ. ಅವನ ಅಡ್ಡಹೆಸರು 'ಪುಟ್ಟ ದೈತ್ಯ'. ತಾನೂ ಹಾಗಾಗಬೇಕೆಂದು ಹಿನಾತಾ ಹಟ ತೊಡುತ್ತಾನೆ. ಅವನ ಎತ್ತರ 162.8 ಸೆಂಟಿಮೀಟರ್, ಗಂಡಸರ ನೆಟ್ಟಿನ ಎತ್ತರ 2.43 ಮೀಟರ್. ಅವನಿದ್ದ ಶಾಲೆಯಲ್ಲಿ ಹುಡುಗರ ತಂಡವೇ ಇಲ್ಲ. ಕೊನೆಯ ವರ್ಷ ಹೇಗೋ ಆರು ಜನರನ್ನು ಕೂಡಿಸಿ ಆಡಿದ ಒಂದೇ ಒಂದು ಪಂದ್ಯದಲ್ಲಿ ಕಗೆಯಾಮಾ ಎಂಬ ಲಿಫ್ಟರಿನ ತಂಡದೆದುರು ಹೀನಾಯವಾಗಿ ಸೋಲುತ್ತಾನೆ. (ಪುಸ್ತಕದಲ್ಲಿ ಸೆಟ್ಟರ್ ಎಂದಿದೆ, ನಮ್ಮ ಕಡೆ ಲಿಫ್ಟರ್ ಎನ್ನದೆ ಇದ್ದರೆ ಆಟವೇ ಅಲ್ಲ.) ಸೇಡು ತೀರಿಸಿಕೊಳ್ಳಬೇಕೆಂದು ಕರಸುನೊಗೆ ಸೇರಿದರೆ, ಅದೇ ಕಗೆಯಾಮಾ ಅಲ್ಲೂ ಸೇರಿ ಕೂತಿದ್ದಾನೆ, ಜೊತೆ ಆಟಗಾರನಾಗಿ!

ಎರಡನೇ ಪುಸ್ತಕ ಮುಗಿಯುವ ಹೊತ್ತಿಗೆ ನಾನು ಸಿಕ್ಕಿಬಿದ್ದಿದ್ದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರೂ ಮನಸ್ಸು ಮುಂದಿನ ಸರ್ವೀಸ್ ಏನಾಯಿತೋ ಎಂದು ಯೋಚಿಸುತ್ತಿತ್ತು. ಏನಿದರ ಮಾಯೆ ಎಂದು ನನ್ನನ್ನೇ ಕೇಳಿಕೊಂಡೆ. ಮೊದಲನೆಯದು, ಹೊತ್ತನ್ನು ಹಿಗ್ಗಿಸುವ ರೀತಿ. ಚೆಂಡು ಕೈಬಿಟ್ಟು ಇನ್ನೊಂದು ಕೈ ಸೇರುವ ಅರ್ಧ ಕ್ಷಣ ಮೂರು ಪುಟ ಹಿಡಿಯುತ್ತದೆ. ಕಾಲಿನ ಹೆಬ್ಬೆರಳು ನೆಲ ಒತ್ತುವುದು ಒಂದು ಚೌಕ. ಎದುರಾಳಿಯ ಕಣ್ಣು ಸರಿದದ್ದು ಇನ್ನೊಂದು. ಆಮೇಲೆ ಪುಟ ತಿರುವಿದರೆ ಎರಡೂ ಪುಟ ತುಂಬಿ ಒಬ್ಬ ಹುಡುಗ ಗಾಳಿಯಲ್ಲಿ. ಕೋರ್ಟಿನಲ್ಲಿ ನಿಂತವರಿಗೆ ಗೊತ್ತು, ಆ ಕ್ಷಣ ನಿಜವಾಗಿಯೂ ಅಷ್ಟೇ ಉದ್ದವಿರುತ್ತದೆ.

ಎರಡನೆಯದು, ಸದ್ದು. ಜಪಾನಿನವರು ಚಿತ್ರದ ಮೇಲೇ ಸದ್ದನ್ನು ದೊಡ್ಡದಾಗಿ ಬರೆಯುತ್ತಾರೆ. ಚೆಂಡು ಬಿದ್ದದ್ದಕ್ಕೊಂದು, ಎದೆ ಬಡಿದದ್ದಕ್ಕೊಂದು. ನಮ್ಮ ದಡದಡ, ಸರಸರ, ಧೊಪ್ಪನೆ ಇದ್ದಂತೆ. ಏನೂ ಸದ್ದಿಲ್ಲದಿದ್ದರೆ? ಅದಕ್ಕೂ ಒಂದು ಸದ್ದಿದೆ, 'ಶೀನ್' ಎಂದು! ಮೌನಕ್ಕೆ ಯಾರಾದರೂ ಸದ್ದು ಕೊಡುತ್ತಾರೆಯೇ ಎಂದು ನಕ್ಕೆ. ಆಗ ಹೆಂಡತಿ, "ಹಬ್ಬಕ್ಕೆ ಬಂದವರೆಲ್ಲ ಹೋದ ಮೇಲೆ ಮನೆ ಬಿಕೋ ಅನ್ನಲ್ವಾ? ಅದೇನು ಮತ್ತೆ?" ಎಂದಳು. ಹೌದಲ್ಲ! 'ಬಿಕೋ' ಯಾವುದರ ಸದ್ದು? ಏನೂ ಇಲ್ಲದ್ದರ ಸದ್ದು. ಐವತ್ತು ವರ್ಷ ಕನ್ನಡ ಮಾತಾಡಿದರೂ ಹೊಳೆಯದಿದ್ದದ್ದು ಜಪಾನಿನ ಪುಸ್ತಕದಿಂದ ಹೊಳೆಯಿತು.

ಆದರೆ ನನ್ನನ್ನು ಕಟ್ಟಿಹಾಕಿದ್ದು ಮೂರನೆಯದು. ಈ ಕಥೆಯಲ್ಲಿ ಬೆಂಚಿನ ಮೇಲೆ ಕೂತವರೂ ಇದ್ದಾರೆ.

ಆಟದ ಕಥೆಗಳಲ್ಲಿ ನಾವು ನೋಡುವುದು ಆಡುವವರನ್ನು. ವಾಲಿಬಾಲಿನಲ್ಲಿ ಆಡುವವರು ಆರು ಜನ. ಕರಸುನೊ ತಂಡದಲ್ಲಿ ಸುಗಾವಾರಾ ಎಂಬ ಹಿರಿಯ ಲಿಫ್ಟರ್ ಇದ್ದಾನೆ. ಕಗೆಯಾಮಾ ಬಂದಮೇಲೆ ಮೂರನೇ ವರ್ಷದ ಆ ಹುಡುಗ ಬೆಂಚಿಗೆ ಸರಿಯಬೇಕಾಗುತ್ತದೆ. ಅವನೇ ಕೋಚ್ ಬಳಿ ಹೋಗಿ, ಗೆಲ್ಲಿಸಬಲ್ಲವನನ್ನೇ ಆಡಿಸಿ ಎನ್ನುತ್ತಾನೆ. ಅದು ತ್ಯಾಗವೇನಲ್ಲ. ತಂಡ ಗೆದ್ದಷ್ಟೂ ಪಂದ್ಯಗಳು ಹೆಚ್ಚುತ್ತವೆ, ಪಂದ್ಯ ಹೆಚ್ಚಿದಷ್ಟೂ ತನಗೊಂದು ಅವಕಾಶ ಸಿಗಬಹುದು ಎಂಬುದು ಅವನ ಲೆಕ್ಕ. ಅಲ್ಲಿನ ಶಿಕ್ಷಕರೊಬ್ಬರಿಗೆ ಸಾಹಿತ್ಯ ಬಿಟ್ಟರೆ ವಾಲಿಬಾಲಿನ ಗಂಧವಿಲ್ಲ. ಆದರೂ ತಂಡಕ್ಕೊಂದು ಅಭ್ಯಾಸ ಪಂದ್ಯ ಕೊಡಿಸಲು ಬೇರೆ ಶಾಲೆಯವರ ಮುಂದೆ ನೆಲಕ್ಕೆ ತಲೆಯೂರಿ ಬೇಡುತ್ತಾರೆ. ಸೋತ ತಂಡದವರೂ ಇದ್ದಾರೆ. ಮೊದಲ ಸುತ್ತಿನಲ್ಲೇ ಕರಸುನೊಗೆ ಸೋತು ಮನೆಗೆ ಹೊರಟ, ಯಾರೂ ಹೆಸರು ಕೇಳದ ಹುಡುಗರಿಗೂ ಲೇಖಕರು ಪುಟಗಳನ್ನು ಮೀಸಲಿಟ್ಟಿದ್ದಾರೆ. ಒಂದು ಗೆಲುವಿಗೆ ಅಷ್ಟು ಜನರ ಸೋಲು ಬೇಕು ಎಂಬ ಲೆಕ್ಕವನ್ನು ನಾವು ಪರೀಕ್ಷೆಯ ಫಲಿತಾಂಶದ ದಿನವೂ ಹಾಕುವುದಿಲ್ಲ.

ಇವರ ನಡುವೆ ಯಾಮಾಗುಚಿ ಎಂಬ ಅಂಜುಬುರುಕ ಹುಡುಗ. ಜೊತೆಯವರೆಲ್ಲ ಆಡುವಾಗ ತಾನೊಬ್ಬ ಹೊರಗಿದ್ದೇನೆಂದು, ಶಾಲೆಯ ಹಳೆಯ ವಿದ್ಯಾರ್ಥಿಯಾದ ಅಂಗಡಿಯವನೊಬ್ಬನ ಬಳಿ ತೇಲುವ ಸರ್ವೀಸ್ ಕಲಿಯುತ್ತಾನೆ. ಮುಖ್ಯ ಪಂದ್ಯದಲ್ಲಿ ಕೋಚ್ ಅವನನ್ನು ಒಂದೇ ಒಂದು ಸರ್ವೀಸಿಗಾಗಿ ಒಳಗೆ ಕರೆಯುತ್ತಾರೆ. ಚೆಂಡು ನೆಟ್ಟಿಗೆ ತಾಗಿ ಈಚೆಗೇ ಬೀಳುತ್ತದೆ. ಮುಗಿಯಿತು, ಹೊರಗೆ ಬಾ. ಮುಂದೊಂದು ಪಂದ್ಯದಲ್ಲಿ ಹೆದರಿ ಸುಲಭದ ಸರ್ವೀಸ್ ಹಾಕಿ, ಸೋತದ್ದಕ್ಕಿಂತ ಹೆಚ್ಚು ನಾಚುತ್ತಾನೆ. ಮೂರನೆಯ ಸಲ ಬರುತ್ತಾನೆ ನೋಡಿ! ಅದನ್ನು ನಾನು ಹೇಳುವುದಿಲ್ಲ, ನೀವೇ ಓದಬೇಕು. ಅವನ ಜೆರ್ಸಿಯ ನಂಬರು ಹನ್ನೆರಡು.

ನನ್ನದೂ ಹನ್ನೆರಡೇ ಆಗಿತ್ತು.

1992ರಲ್ಲಿ ಪಿಯುಸಿ ಓದುವಾಗ ನಾನು ತಾಲ್ಲೂಕು ತಂಡದಲ್ಲಿದ್ದೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆವು. ಆ ತಂಡದ ಫೋಟೊ ಈಗಲೂ ನಮ್ಮ ನಡುಮನೆಯಲ್ಲಿದೆ. ಬಲತುದಿಯಲ್ಲಿ ಚೆಂಡು ಹಿಡಿದು ನಿಂತವನು ನಾನು. ಫೋಟೊ ನೋಡಿ ಮಗ ಚಿಕ್ಕವನಿದ್ದಾಗ ಕಥೆ ಕೇಳುತ್ತಿದ್ದ. ಫೈನಲ್ಲಿನಲ್ಲಿ ಕೊನೆಯ ಸರ್ವೀಸ್ ಅಪ್ಪನದೇ ಎಂದು ಅವನಿಗೆ ಹೇಳಿದ್ದವನು ನಾನೇ. ಆ ಕಥೆ ಕೇಳಿಯೇ ಅವನು ಹೈಸ್ಕೂಲಿನ ತಂಡಕ್ಕೆ ಸೇರಿದ್ದು.

ಇನ್ನೊಂದು ಕಟ್ಟಿನಲ್ಲಿ ಬಂದ ಪುಸ್ತಕದಲ್ಲಿ ತ್ಸುಕಿಷಿಮಾ ಎಂಬ ಎತ್ತರದ ಹುಡುಗನ ಹಿಂದಿನ ಕಥೆ ಬರುತ್ತದೆ. ಚೆನ್ನಾಗಿ ಆಡಬಲ್ಲವನು, ಆದರೆ ಯಾವುದರಲ್ಲೂ ಉತ್ಸಾಹವಿಲ್ಲ. ಯಾಕೆ? ಅವನಿಗೆ ಅಕಿತೆರು ಎಂಬ ಅಣ್ಣ. ತಮ್ಮನಿಗೆ ಅಣ್ಣನೆಂದರೆ ಪ್ರಾಣ. ಕರಸುನೊ ತಂಡದಲ್ಲಿ ತಾನು ಆಡುತ್ತಿದ್ದೇನೆ ಎಂದು ಅಣ್ಣ ಮನೆಯಲ್ಲಿ ಹೇಳಿರುತ್ತಾನೆ. ಪಂದ್ಯ ನೋಡಲು ಮಾತ್ರ ಬರಬೇಡ ಎನ್ನುತ್ತಿರುತ್ತಾನೆ. ಒಂದು ದಿನ ತಮ್ಮ ಹೇಳದೆ ಹೋಗುತ್ತಾನೆ. ಕೋರ್ಟಿನಲ್ಲಿ ಅಣ್ಣ ಇಲ್ಲ, ಬೆಂಚಿನಲ್ಲೂ ಇಲ್ಲ. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಜೈಕಾರ ಹಾಕುವವರ ನಡುವೆ ನಿಂತಿದ್ದಾನೆ. ಇಬ್ಬರ ಕಣ್ಣೂ ಕೂಡುತ್ತವೆ. ಆ ಪುಟದಲ್ಲಿ ಮಾತು ಬೇಕಾಗಿಯೇ ಇರಲಿಲ್ಲ. ಅಂದು ಕೋರ್ಟಿನಲ್ಲಿ ಮೆರೆಯುತ್ತಿದ್ದವನು ಯಾರು ಗೊತ್ತೇ? ಹಿನಾತಾ ಟಿವಿಯಲ್ಲಿ ಕಂಡು ಬೆರಗಾದ ಅದೇ ಪುಟ್ಟ ದೈತ್ಯ! ಒಬ್ಬ ಹುಡುಗನಿಗೆ ದಾರಿ ತೋರಿಸಿದವನ ಹಿಂದೆ ಇನ್ನೊಬ್ಬ ಹುಡುಗನ ಖಾಲಿ ಕೈ ಇದೆ. ಇದನ್ನು ಒಂದೇ ಕಥೆಯಲ್ಲಿ, ಯಾರನ್ನೂ ಕೆಟ್ಟವನನ್ನಾಗಿ ಮಾಡದೆ ಹೇಳುತ್ತಾರೆ.

ಪುಸ್ತಕ ಮುಚ್ಚಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಿಜ ಹೇಳುತ್ತೇನೆ. 1992ರಲ್ಲಿ ಶಿವಮೊಗ್ಗದಲ್ಲಿ ನಾನು ಒಂದೇ ಒಂದು ಪಾಯಿಂಟೂ ಆಡಿರಲಿಲ್ಲ. ಹನ್ನೆರಡನೆಯವನಾಗಿ ಹೋದೆ, ನೀರಿನ ಬಾಟಲಿ ಕೊಟ್ಟೆ, ಒದ್ದೆ ಟವೆಲ್ಲು ಹಿಡಿದೆ, ಹನ್ನೆರಡನೆಯವನಾಗಿಯೇ ಬಂದೆ. ನನ್ನ ಷೂಗಾಗಿ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟಿದ್ದರು. ಮನೆಗೆ ಬಂದಾಗ ಚಪ್ಪರದಲ್ಲಿ ಅಡಿಕೆ ಹರಡುತ್ತಿದ್ದವರು ತಲೆಯೆತ್ತಿ, "ಆಡಿದೆಯೇನೋ?" ಎಂದರು. "ಹ್ಞೂಂ" ಎಂದೆ. ಅಷ್ಟೇ. ಆ 'ಹ್ಞೂಂ' ಅನ್ನು ಅಪ್ಪ ಸಂಜೆಯೊಳಗೆ ಊರಿಗೆಲ್ಲ ಹೇಳಿದರು. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಅದನ್ನು ನಂಬಿಕೊಂಡೇ ಅವರು ತೀರಿಕೊಂಡರು. ಮಗ ಹುಟ್ಟಿದ ಮೇಲೆ ಆ 'ಹ್ಞೂಂ'ಗೆ ಕೈಕಾಲು ಬಂದು ಫೈನಲ್ಲಿನ ಸರ್ವೀಸಾಗಿ ಬೆಳೆಯಿತು.

ಅಡಿಕೆ ಸುಲಿ ಶುರುವಾಗಿತ್ತು. ಒಂದು ರಾತ್ರಿ ಸುಲಿಯುವವರು ಎದ್ದು ಹೋದ ಮೇಲೆ ಮಗ ಸಿಪ್ಪೆ ಗುಡಿಸುತ್ತಿದ್ದ. ಮೆಟ್ಟುಗತ್ತಿಗಳನ್ನು ಒಂದು ಕಡೆ ಜೋಡಿಸುತ್ತಾ, ಅವನ ಮುಖ ನೋಡದೆ ಹೇಳಿದೆ.

"ಆ ಫೋಟೊದಲ್ಲಿರೋ ಮ್ಯಾಚು... ನಾನು ಆಡಿರಲಿಲ್ಲ ಕಣೋ."

ಪೊರಕೆ ನಿಂತಿತು. ಮನೆಯೆಲ್ಲ ಬಿಕೋ ಎಂದಿತು.

"ಒಂದು ಸರ್ವೀಸೂ ಇಲ್ವಾ?"

"ಒಂದೂ ಇಲ್ಲ."

"ಮ್ಯಾಚಿಗೆ ಮುಂಚೆ ಪ್ರಾಕ್ಟೀಸ್ ಮಾಡ್ತಾರಲ್ಲ, ಅವಾಗ?"

"ಅವಾಗ ಹೊಡೆದಿದ್ದೆ. ಎರಡು. ಒಂದು ಆಚೆ ಹೋಯ್ತು."

ಅವನು ನಕ್ಕುಬಿಟ್ಟ. ಬೈಗುಳಕ್ಕೆ ಸಿದ್ಧನಾಗಿದ್ದ ನನಗೆ ಆ ನಗು ಹೆಚ್ಚು ಚುಚ್ಚಿತು. ಸ್ವಲ್ಪ ಹೊತ್ತು ಗುಡಿಸಿದ. ಆಮೇಲೆ, "ಅಪ್ಪಾ, ಈ ಸಲ ತಾಲ್ಲೂಕು ಮ್ಯಾಚಲ್ಲಿ ನನ್ನನ್ನೂ ಆಡಿಸಲಿಲ್ಲ" ಎಂದ.

ಮಳೆಗಾಲದಲ್ಲಿ ಆ ಪಂದ್ಯದಿಂದ ಬಂದ ದಿನ 'ಹೇಗಾಯ್ತೋ' ಎಂದು ಕೇಳಿದ್ದೆ. 'ಚೆನ್ನಾಗಾಯ್ತು' ಎಂದಿದ್ದ. ನಾನು ಮುಂದೆ ಕೇಳಿರಲಿಲ್ಲ. ಫೈನಲ್ಲಿನ ಕೊನೆಯ ಸರ್ವೀಸ್ ಹೊಡೆದ ಅಪ್ಪನ ಎದುರು ಬೆಂಚಿನಿಂದ ಬಂದ ಮಗ ಏನು ತಾನೇ ಹೇಳಬೇಕು? ಮನೆಯಲ್ಲಿ ಮಾತು ನಿಂತದ್ದು ವಯಸ್ಸಿನಿಂದ, ಮೊಬೈಲಿನಿಂದ, ಈ ಹಾಳು ಪುಸ್ತಕಗಳಿಂದ ಎಂದು ನಾನು ತಿಳಿದಿದ್ದೆ.

ಉಳಿದ ಪುಸ್ತಕಗಳನ್ನು ಒಟ್ಟಿಗೇ ಓದಿದೆವು. ಕೊನೆಯ ಕಟ್ಟು ಬಂದದ್ದು ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ. ಅಷ್ಟು ಶಿಸ್ತು ಇಬ್ಬರಿಗೂ ಇತ್ತು. ಅಂಕಗಳಲ್ಲಿ ಪವಾಡವೇನೂ ಆಗಲಿಲ್ಲ. ಗಣಿತ ಅವನಿಗೆ ಮೊದಲೂ ಕಷ್ಟ, ಈಗಲೂ ಕಷ್ಟ. ಕಥೆಯಲ್ಲೂ ಪವಾಡವಿಲ್ಲ. ಟೋಕಿಯೊದಲ್ಲಿ ನಡೆಯುವ ರಾಷ್ಟ್ರಮಟ್ಟದ ಕ್ವಾರ್ಟರ್ ಫೈನಲ್ಲಿನ ನಡುವೆ ಹಿನಾತಾನಿಗೆ ಜ್ವರ ಬಂದು ಹೊರಗೆ ಹೋಗಬೇಕಾಗುತ್ತದೆ. ಕಥಾನಾಯಕ ಹೊರಗಿದ್ದಾಗಲೇ ತಂಡ ಸೋಲುತ್ತದೆ! ಆಟ ತಿಳಿಯದ ಆ ಸಾಹಿತ್ಯದ ಮೇಷ್ಟ್ರು ಆಗ ಅವನಿಗೆ ಹೇಳುವ ಮಾತನ್ನು ಇಲ್ಲಿ ಬರೆದರೆ ರುಚಿ ಕೆಡುತ್ತದೆ. ಈ ದೇಹವನ್ನು ಕಾಪಾಡಿಕೊಂಡು ಮುಂದಿನ ಸಲಕ್ಕೆ ಸಿದ್ಧನಾಗುವುದೂ ಆಟದ ಒಂದು ಭಾಗ ಎಂಬುದು ಅದರ ತಾತ್ಪರ್ಯ. ಅದನ್ನು ಓದುವಾಗ ಮಗ ನನಗಿಂತ ಎರಡು ಪುಟ ಮುಂದಿದ್ದ. ನಾನು ತಲುಪುವ ತನಕ ತಿರುವದೆ ಕಾದ.

ಈಗವನು ಪಿಯುಸಿ. ಕಾಲೇಜಿನ ತಂಡದಲ್ಲಿ ಇದ್ದಾನೆ, ಬಹುಪಾಲು ಬೆಂಚಿನಲ್ಲಿ. ಸಂಜೆ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವೇ ನಮ್ಮ ನೆಟ್ಟು. ತೇಲುವ ಸರ್ವೀಸ್ ಕಲಿಯುತ್ತಿದ್ದೇವೆ. ಅವನದು ಒಂದೊಂದು ಸಲ ತೇಲುತ್ತದೆ, ನನ್ನದು ಹೆಂಡತಿಯ ಸೀರೆಗೆ ಬೀಳುತ್ತದೆ. ಫೋಟೊ ಗೋಡೆಯಲ್ಲಿ ಹಾಗೆಯೇ ಇದೆ. ಬಂದವರು ಕೇಳಿದರೆ, "ಹನ್ನೆರಡನೆಯವನು, ಆಡಿಸಲಿಲ್ಲ" ಎಂದು ಮಗನೇ ಹೇಳುತ್ತಾನೆ, ನನಗಿಂತ ಮೊದಲು.

ಪಂದ್ಯ ಮುಗಿಸಿ ಬಂದ ದಿನ ನಾನು 'ಆಡಿದೆಯೇನೋ' ಎಂದು ಕೇಳುವುದನ್ನು ಬಿಟ್ಟಿದ್ದೇನೆ. 'ಏನೇನು ನೋಡಿದೆ?' ಎನ್ನುತ್ತೇನೆ. ಬೆಂಚಿನಿಂದ ಕೋರ್ಟು ಪೂರ್ತಿ ಕಾಣುತ್ತದೆ ನೋಡಿ. ಎದುರಿನ ಲಿಫ್ಟರ್ ಭುಜ ತಗ್ಗಿಸಿದ್ದು, ನಮ್ಮವನು ತಡವಾಗಿ ಜಿಗಿದದ್ದು, ಎಲ್ಲವನ್ನೂ ಹೇಳುತ್ತಾನೆ, ಒಂದೊಂದು ಚೆಂಡಿಗೆ ಮೂರು ಮೂರು ಪುಟ. ಸಾರು ಆರುತ್ತದೆ. ಹೆಂಡತಿ ಎರಡು ಸಲ ಬಿಸಿ ಮಾಡುತ್ತಾಳೆ, ಮೂರನೆಯ ಸಲ ಅವಳೂ ಬಂದು ಕೂತುಬಿಡುತ್ತಾಳೆ.